ನೆಲದಡಿಯಲ್ಲೊಂದು ತಾರ್ಲೆ

ಕಳೆದ ತಿಂಗಳು ಭಟ್ಕಳದಲ್ಲಿ ಕೆಲಸ ಮುಗಿಸಿ ಕುಮಟೆಗೆ ಮರಳುತ್ತಿದ್ದವಳು ಹೊನ್ನಾವರದಲ್ಲಿ ಬಸ್ಸಿಳಿದುಬಿಟ್ಟೆ. ಇಳಿಯುವ ಯೋಚನೆ ಇರಲಿಲ್ಲ. ಮಳೆ ಜಡಿಯುತ್ತಿತ್ತು, ಕೊಡೆಯ ಒಂದು ಕಡ್ಡಿ ಮುರಿದಿತ್ತು, ಮನೆಯಲ್ಲಿ ದೋಸೆಗೆ ಅಕ್ಕಿ ನೆನೆಹಾಕಿ ಬಂದಿದ್ದೆ. ಆದರೆ ಬಸ್ಸಿನ ಬಾಗಿಲು ತೆರೆದ ಕೂಡಲೇ ಹಸಿ ತಾರ್ಲೆ ಮೀನಿನ ವಾಸನೆ ಒಳಗೆ ನುಗ್ಗಿತು. ಮುಂದಿನ ಸೀಟಿನಲ್ಲಿದ್ದ ಮಹನೀಯರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಚೀಲ ಹೆಗಲಿಗೇರಿಸಿ ಎದ್ದೆ. ಮಲ್ಲಿಗೆಯ ವಾಸನೆಗೆ ಕೆಲವರ ಮನಸ್ಸು ಅರಳುತ್ತದಂತೆ. ನನಗೆ ತಾರ್ಲೆಯ ವಾಸನೆ ಬಂದರೆ ಎದೆ ಉಬ್ಬುತ್ತದೆ. ಅದಕ್ಕೆ ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಕಾರಣ.

ನಾನು ಮಣ್ಣು ಪರೀಕ್ಷೆಯ ಇಂಜಿನಿಯರು. ಕಟ್ಟಡ ಕಟ್ಟುವ ಮೊದಲು ನೆಲ ಕೊರೆದು, ಅದು ಎಷ್ಟು ಭಾರ ಹೊರುತ್ತದೆ, ಅದರೊಳಗೆ ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಡುವುದು ನನ್ನ ಉದ್ಯೋಗ. ಮದುವೆಗೆ ಮುಂಚೆ ಗಂಡಿನ ಮನೆ ವಿಚಾರಿಸಿ ಬರುವ ಸೋದರಮಾವನ ಕೆಲಸದ ಹಾಗೆ ಇದು. ಒಳ್ಳೆಯದು ಹೇಳಿದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಕೆಟ್ಟದ್ದು ಹೇಳಿದರೆ ಕಂಡಲ್ಲೆಲ್ಲ ಬಯ್ಯುತ್ತಾರೆ. ಅದಕ್ಕೇ ನನಗೊಂದು ಅಭ್ಯಾಸ. ವರದಿ ಬರೆದು ಸಹಿ ಹಾಕುವವರೆಗೆ ಯಾರು ಏನು ಕೇಳಿದರೂ ಮುಖದ ಮೇಲೆ ಒಂದು ಗೆರೆಯನ್ನೂ ಅಲುಗಾಡಿಸುವುದಿಲ್ಲ. ಮಣ್ಣಿನ ಜೊತೆ ಇದ್ದೂ ಇದ್ದೂ ಮುಖವೂ ಹಾಗೇ ಆಗಿದೆ ಎಂದು ನನ್ನ ಗಂಡ ಹೇಳುವುದುಂಟು.

ಆ ವರ್ಷ ಹೆದ್ದಾರಿ ಅಗಲವಾಗಿ, ಬಸ್ ನಿಲ್ದಾಣದ ಬಳಿ ಮೀನು ಮಾರುತ್ತಿದ್ದ ಹೆಂಗಸರ ತಗಡಿನ ಚಪ್ಪರಗಳು ಹೋಗಿದ್ದವು. ಅವರು ರಸ್ತೆಯ ಅಂಚಿನಲ್ಲಿ ತಾಡಪತ್ರಿ ಕಟ್ಟಿಕೊಂಡು ಕೂತಿದ್ದರು. ಲಾರಿ ಹೋದಾಗಲೆಲ್ಲ ಬಂಗಡೆಯ ಮೇಲೆ ಧೂಳು ಬೀಳುತ್ತಿತ್ತು, ಇವರು ನೀರು ಚಿಮುಕಿಸುತ್ತಿದ್ದರು, ಮತ್ತೊಂದು ಲಾರಿ ಬರುತ್ತಿತ್ತು. ಕಡೆಗೂ ನಿಲ್ದಾಣದ ಹಿಂಬದಿಯ ಇಳಿಜಾರಿನಲ್ಲಿ ಅವರಿಗೊಂದು ಮಾರುಕಟ್ಟೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಒಂದೇ ಷರತ್ತು. ಮಳೆ ಹಿಡಿಯುವುದರೊಳಗೆ ಮಣ್ಣು ಮತ್ತು ಅಂತರ್ಜಲದ ವರದಿ ಸರಿ ಬಂದರೆ ಅಲ್ಲಿ, ಇಲ್ಲವಾದರೆ ಊರಾಚೆ ಹಳದೀಪುರದ ದಿಕ್ಕಿನಲ್ಲಿ ಬಿದ್ದಿರುವ ಒಂದು ಬಯಲಿಗೆ.

ಊರಾಚೆ ಎಂದರೆ ಏನೆಂದು ಅವರ ಮುಂದಾಳು ಮಾಸ್ತಮ್ಮ ನನಗೆ ಮೊದಲ ದಿನವೇ ತಿಳಿಸಿದ್ದಳು. ಅಗಲ ಮುಖದ, ದೊಡ್ಡ ಕುಂಕುಮದ, ಎದ್ದು ನಿಂತರೆ ಎದುರಿನವರು ತಾವಾಗಿ ಒಂದು ಹೆಜ್ಜೆ ಹಿಂದೆ ಸರಿಯುವಂಥ ಹೆಂಗಸು. "ಅಕ್ಕೋರೆ, ಬಸ್ಸಿಳಿದವ್ರು ಮೀನು ಕಂಡ್ರೆ ತಕಂಡು ಹೋತ್ರು. ಮೀನಿಗೆ ಅಂತ ಹೇಳಿ ಬಸ್ಸು ಹತ್ತಿ ಬರೂರು ಯಾರೂ ಇಲ್ಲ. ಆ ಬಯಲಿಗೆ ಹಾಕಿದ್ರೆ ನಾವು ಕಾಗೆಗೆ ಮೀನು ಮಾರೂದೇಯ," ಎಂದಳು. ನಾನು ತಲೆಯಾಡಿಸಿದೆ. ಮುಖ ಮಾತ್ರ ಅಲುಗಾಡಿಸಲಿಲ್ಲ.

ನೆಲ ಕೊರೆಯುವ ಯಂತ್ರ ಭಟ್ಕಳದ ಇಕ್ಬಾಲ್ ಭಾಯಿಯದು. ಯಂತ್ರವೆಂದರೆ ಮುಕ್ಕಾಲಿಯಂಥ ಮೂರು ಕಂಬ, ಒಂದು ಮೋಟಾರು, ಮೇಲಿಂದ ಬೀಳುವ ಕಬ್ಬಿಣದ ಗುಂಡು. ಗುಂಡು ಬಿದ್ದಾಗ ಅಡಿಯ ಸಲಾಕೆ ಮಣ್ಣಿಗೆ ಇಳಿಯುತ್ತದೆ. ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತೇವೆ. ಹೆಚ್ಚು ಪೆಟ್ಟು ಬೇಕಾದರೆ ನೆಲ ಗಟ್ಟಿ, ಕಡಿಮೆಯಲ್ಲಿ ಇಳಿದರೆ ನೆಲ ಮೆತ್ತಗೆ. ಬೇರೇನೂ ಗುಟ್ಟಿಲ್ಲ.

ಮಧ್ಯಾಹ್ನ ವ್ಯಾಪಾರ ತಗ್ಗಿದ ಹೊತ್ತಿಗೆ ಹೆಂಗಸರು ಬುಟ್ಟಿ ಮುಚ್ಚಿಟ್ಟು ನೋಡಲು ಬರುತ್ತಿದ್ದರು. ನನಗೂ ಇಕ್ಬಾಲ್ ಭಾಯಿಗೂ ಮುರುಗಲ ಪಾನಕ ತರುತ್ತಿದ್ದರು. ಬಂದವರು ಸುಮ್ಮನಿರುವ ಪೈಕಿಯಲ್ಲ. ಗುಂಡಿನ ಪೆಟ್ಟನ್ನು ನನ್ನ ಜೊತೆ ತಾವೂ ಗಟ್ಟಿಯಾಗಿ ಎಣಿಸತೊಡಗಿದರು. ಮೀನು ಎಣಿಸುವ ಬಾಯಿಗಳು, ಲೆಕ್ಕ ತಪ್ಪುವ ಪ್ರಶ್ನೆಯೇ ಇಲ್ಲ. ಮೇಲಿನ ಕೆಂಪು ಚಿರೆಕಲ್ಲಿನ ಪದರದಲ್ಲಿ ಎಣಿಕೆ ಮುಗಿಯದೆ ಎಳೆದಾಗ ಅವರಿಗೆ ಬೇಸರ. ಕೆಳಮೂಲೆಯಲ್ಲಿ ಸಲಾಕೆ ಸರಸರ ಇಳಿದು ಎಣಿಕೆ ಬೇಗ ಮುಗಿದಾಗ, "ಹೋ, ಆತು ಆತು!" ಎಂದು ಚಪ್ಪಾಳೆ. ನನಗೆ ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಅವರು ಸಂಭ್ರಮಿಸುತ್ತಿದ್ದದ್ದೆಲ್ಲ ಅವರಿಗೇ ಕೇಡಾಗುವ ಅಂಕಿಗಳಿಗೆ.

ನಮ್ಮ ಕರಾವಳಿಯ ನೆಲದ ಸ್ವಭಾವವೇ ಅಂಥದ್ದು. ಮೇಲೆ ಚಿರೆಕಲ್ಲು, ಅದರಡಿಯಲ್ಲಿ ಶೇಡಿ ಮಣ್ಣು. ಹಬ್ಬಕ್ಕೆ ಗೋಡೆ ಬಳಿದು ಚಿತ್ರ ಬರೆಯುತ್ತಾರಲ್ಲ, ಅದೇ ಬಿಳಿ ಶೇಡಿ. ಒಣಗಿದ್ದಾಗ ಮೂರಂತಸ್ತು ಹೊರಿಸಿದರೂ ಹೊರುತ್ತದೆ. ಅದಕ್ಕೆ ನೀರು ತಾಗಿತೋ, ಕಲಸಿಟ್ಟ ಹಿಟ್ಟು. ಹಾಗಾಗಿ ಇಲ್ಲಿ ಬೇಸಿಗೆಯಲ್ಲಿ ಪೆಟ್ಟು ಎಣಿಸಿ ಖುಷಿಪಡುವವನು ಮಳೆಗಾಲದಲ್ಲಿ ಅಳಬೇಕಾಗುತ್ತದೆ. ಮುಖ್ಯವಾಗಿ ತಿಳಿಯಬೇಕಾದದ್ದು ನೀರಿನ ಮಟ್ಟ. ಕೊರೆದ ಕುಳಿಗಳಲ್ಲಿ ತೂತಿನ ಪ್ಲಾಸ್ಟಿಕ್ ಕೊಳವೆ ಇಳಿಸಿ, ದಿನಾ ಬೆಳಿಗ್ಗೆ ತುದಿಗೆ ಸೀಸದ ಬೊಡ್ಡೆ ಕಟ್ಟಿದ ಟೇಪು ಬಿಟ್ಟು, ನೀರು ಎಲ್ಲಿದೆ ಎಂದು ಅಳೆಯತೊಡಗಿದೆ.

ಮೊದಲ ಕೆಲವು ದಿನ ನೀರು ಬಹಳ ಆಳದಲ್ಲಿತ್ತು. ಶೇಡಿಯ ಬಹುಭಾಗ ಒಣಗಿಯೇ ಇತ್ತು. ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಅಂದು ಮಾಸ್ತಮ್ಮ ಕೇಳಿದಳು, "ಎಂತ ಅಕ್ಕೋರೆ, ನೀರು ಸಿಕ್ತಾ?"

"ಇದೆ. ತುಂಬಾ ಕೆಳಗಿದೆ," ಎಂದೆ. ಮುಖ ಎಂದಿನಂತೆ.

"ಬಾಳಾ ಕೆಳಗಾ?"

"ಬಾಳಾ."

ಅವಳು ತಿರುಗಿ ಹೊರಟುಬಿಟ್ಟಳು. ಪಾನಕದ ಲೋಟ ಮರಳಿ ಒಯ್ಯುವುದನ್ನೂ ಮರೆತಿದ್ದಳು. ಬಿಸಿಲಿಗೆ ಬೇಸರವಾಗಿರಬೇಕು ಎಂದುಕೊಂಡೆ.

ಮರುದಿನದಿಂದ ನೀರು ಏರತೊಡಗಿತು.

ಮೊದಲು ನಾನು ಟೇಪನ್ನು ಅನುಮಾನಿಸಿದೆ. ಆಮೇಲೆ ನನ್ನ ಕಣ್ಣನ್ನು. ಕೆಳಮೂಲೆಯ ಕೊಳವೆಯಲ್ಲಿ ದಿನಕ್ಕೊಂದು ಮೊಳದಂತೆ, ಮೇಲಿನವುಗಳಲ್ಲಿ ಗೇಣು ಗೇಣಾಗಿ ನೀರು ಮೇಲೆ ಬರುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ಊರಿನ ಬಾವಿಗಳೆಲ್ಲ ತಳ ಕಾಣುತ್ತಿವೆ, ಈ ಜಾಗದಲ್ಲಿ ಮಾತ್ರ ನೀರು ಏರುತ್ತಿದೆ! ಶರಾವತಿಯ ಭರತದ ಪ್ರಭಾವವೇ ಎಂದು ನೀರನ್ನು ನಾಲಿಗೆಗೆ ತಾಗಿಸಿ ನೋಡಿದೆ, ಉಪ್ಪಿಲ್ಲ. ಊರಿನ ನೀರಿನ ಪೈಪು ಒಡೆದಿದೆಯೇ ಎಂದು ನೋಡಿದೆ, ಹತ್ತಿರದಲ್ಲಿ ಪೈಪೇ ಇಲ್ಲ. ಗುಡ್ಡದಲ್ಲಿ ಗುಪ್ತ ಒರತೆ ಇದೆಯೇ ಎಂದು ನೆತ್ತಿ ಸುಡುವ ಬಿಸಿಲಲ್ಲಿ ಗುಡ್ಡ ಹತ್ತಿಳಿದೆ. ಕಾಲಿಗೆ ಮುಳ್ಳು ಚುಚ್ಚಿದ್ದೇ ಲಾಭ. ಸಿಟ್ಟು ಬಂದು ಇಕ್ಬಾಲ್ ಭಾಯಿಯ ಮೇಲೆ ಹಾರಿಬಿದ್ದೆ. ಕೊಳವೆಯ ಸುತ್ತ ಸರಿಯಾಗಿ ಮುಚ್ಚಿಲ್ಲ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು, "ಮೇಡಂ, ಅಲ್ಲಾ ಕಸಮ್, ನಮ್ಮ ಕೊಳವೆ ಶುದ್ಧ. ನಿಮ್ಮ ನೀರೇ ಗಡಬಡ," ಎಂದರು.

ಕಚೇರಿಯ ಹಿರಿಯರು ಫೋನು ಮಾಡಿದರು. "ಕಂಡದ್ದು ಬರೆದು ಮುಗಿಸಿ ಬನ್ನಿ. ನೀರು ಮೇಲೆ ಬಂದಿದೆ, ಜಾಗ ಯೋಗ್ಯವಲ್ಲ. ಇಷ್ಟೇ ಅಲ್ಲವೇ?" ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೀರು ಆ ಮಟ್ಟದಲ್ಲಿದ್ದರೆ ಆ ಶೇಡಿಯ ಮೇಲೆ ಗೋಡೆ ನಿಲ್ಲುವುದಿಲ್ಲ. ಆದರೆ ಬರೆಯಲು ಕೂತಾಗ ಕೈ ಓಡಲಿಲ್ಲ. ಕಣ್ಣೆದುರು ಬರುತ್ತಿದ್ದದ್ದು ಆ ಬಯಲು, ಅಲ್ಲಿ ಸಾಲಾಗಿ ಕೂತ ಹೆಂಗಸರು, ಸುತ್ತ ಕಾಗೆಗಳು. ನನಗೆ ನಿಜವಾಗಿಯೂ ದುಃಖವಾಯಿತು. ಇನ್ನೊಂದೇ ಬಾರಿ ಅಳೆದು ಬರೆಯುತ್ತೇನೆ ಎಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಕೆಳಮೂಲೆಯ ಕೊಳವೆಗೆ ಟೇಪು ಬಿಟ್ಟು ಮೇಲೆತ್ತಿದಾಗ ಬೊಡ್ಡೆಗೆ ಏನೋ ಹೊಳೆಯುವಂಥದ್ದು ಅಂಟಿಕೊಂಡಿತ್ತು. ಅಭ್ರಕದ ಚೂರು ಎಂದುಕೊಂಡು ಉಗುರಿನಲ್ಲಿ ಕೆರೆದು ತೆಗೆದೆ. ಬಾಗುತ್ತಿತ್ತು. ಮೂಗಿಗೆ ಹಿಡಿದೆ.

ತಾರ್ಲೆಯ ಮೈಮೇಲಿನ ಹುರುಪೆ.

ಎರಡಾಳು ಆಳದ ನೆಲದೊಳಗಿಂದ, ಚಿರೆಕಲ್ಲಿನ ಕೆಳಗಿನ ಶೇಡಿಯಿಂದ, ಬೆಳ್ಳಿಯ ಹಾಗೆ ಹೊಳೆಯುವ ತಾರ್ಲೆಯ ಹುರುಪೆ! ಇಕ್ಬಾಲ್ ಭಾಯಿ ಕನ್ನಡಕ ಏರಿಸಿ ನೋಡಿದರು. "ಒಳ್ಳೇದಾಯ್ತು ಮೇಡಂ. ಮೀನು ಕೆಳಗೇ ಉಂಟು. ಇನ್ನು ಇವರು ಬಂದರಕ್ಕೆ ಹೋಗೋದೂ ಬೇಡ," ಎಂದರು. ನಾನು ಹುರುಪೆಯನ್ನು ಒಂದು ಚೀಟಿಯಲ್ಲಿ ಸುತ್ತಿಟ್ಟುಕೊಂಡೆ. ನನ್ನ ಸಿಟ್ಟಿಗೆ ಕಡೆಗೂ ಒಂದು ವಿಳಾಸ ಸಿಕ್ಕಿತ್ತು.

ಅದರ ಮಾರನೇ ದಿನ ಕುಮಟೆಯಿಂದ ಮೊದಲ ಬಸ್ಸಿಗೇ ಬಂದು, ಇಕ್ಬಾಲ್ ಭಾಯಿ ಯಂತ್ರ ತಂದಿದ್ದ ಲಾರಿಯ ಮರೆಯಲ್ಲಿ ನಿಂತೆ. ಬೆಳಕು ಆಗತಾನೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿಜಾರಿನಲ್ಲಿ ಹೆಂಗಸರು ಸಾಲಾಗಿ ಬಂದರು. ಕೆಲವರ ತಲೆಯ ಮೇಲೆ ಕೊಡಪಾನ, ಕೆಲವರ ಸೊಂಟದಲ್ಲಿ. ಒಬ್ಬಳು ಮೀನಿನ ಬೋಗುಣಿಯಲ್ಲೇ ತಂದಿದ್ದಳು. ಮಾಸ್ತಮ್ಮ ಒಂದೊಂದೇ ಕೊಳವೆಯ ಮುಚ್ಚಳ ತೆಗೆದು ಹಿಡಿದಳು, ಉಳಿದವರು ಒಬ್ಬರಾದ ಮೇಲೊಬ್ಬರು ನೀರು ಸುರಿದರು. ಒಂದು ಹನಿ ಹೊರಗೆ ಚೆಲ್ಲದ ಹಾಗೆ, ಮಗುವಿಗೆ ಹಾಲು ಹನಿಸುವಷ್ಟು ಜೋಪಾನವಾಗಿ. ಸುರಿದು ಮುಗಿಸಿ ಮಾಸ್ತಮ್ಮ ಕೊಳವೆಗೇ ಕೈಮುಗಿದಳು.

ನಾನು ಮರೆಯಿಂದ ಹೊರಗೆ ಬಂದು ಕಿರುಚಿದ ಕಿರುಚಾಟಕ್ಕೆ ಬೋಗುಣಿಯವಳು ಬೋಗುಣಿ ಬಿಟ್ಟೇ ಓಡಿದಳು. "ಯಾರು ಹೇಳಿದ್ದು ನಿಮಗೆ ನೀರು ಹಾಕಲಿಕ್ಕೆ? ಜಾಗ ಹಾಳು ಮಾಡಲಿಕ್ಕೆ ಯಾರು ಕಳಿಸಿದ್ದು?"

ಮಾಸ್ತಮ್ಮ ಓಡಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂತ ಹಾಳು? ನೀರು ಬಾಳಾ ಕೆಳಗೆ ಅದೆ ಹೇಳಿ ನೀವೇ ಹೇಳಿದ್ದಲ್ದಾ? ಹೆಣ ಹೊತ್ಕಂಡೋರ ಹಾಂಗೆ ಮುಖ ಮಾಡ್ಕಂಡು ಹೇಳದ್ರಿ. ನೀರಿಲ್ಲದ ಜಾಗಕ್ಕೆ ಮೀನು ಮಾರ್ಕೆಟ್ಟು ಯಾರು ಕೊಡ್ತ್ರು? ಮೀನು ಎಂತರಲ್ಲಿ ತೊಳೂದು, ಕಣ್ಣೀರಲ್ಲಾ? ಅದ್ಕೇ ನೀರು ಅದೆ ಹೇಳಿ ನೀವು ಬರೀಲಿ ಅಂತ ತಂದು ಹಾಕದ್ವಿ."

"ಎಲ್ಲಿಂದ ತಂದಿರಿ?"

"ಮನೆಂದು. ಕುಡೂ ನೀರು."

ಕಡಲ ಬದಿಯ ಅವರ ಕೇರಿಯಲ್ಲಿ ಆ ತಿಂಗಳು ಬಾವಿಗಳೆಲ್ಲ ಉಪ್ಪಾಗಿದ್ದವು. ಕುಡಿಯುವ ನೀರಿಗೆ ಅವರು ಕೊಡಪಾನ ಹಿಡಿದು ಸರದಿಯಲ್ಲಿ ಕಾಯುವುದನ್ನು ನಾನೇ ನೋಡಿದ್ದೆ. ಆ ನೀರನ್ನು ತಂದು ನನ್ನ ಕೊಳವೆಗೆ ಸುರಿದಿದ್ದರು. ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಲ್ಲೇ ಚಿರೆಕಲ್ಲಿನ ಮೇಲೆ ಕುಕ್ಕರಿಸಿ ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮಣ್ಣಿನ ಅಕ್ಕೋರಿಗೆ ನಗಲು ಬರುತ್ತದೆಂದು ಅವರಿಗೆ ಗೊತ್ತಾದದ್ದೇ ಅಂದು.

"ಮಾಸ್ತಮ್ಮಾ, ನನಗೆ ಬೇಕಾಗಿದ್ದು ನೀರಿಲ್ಲದ ನೆಲ. ನೀರು ಕೆಳಗಿದ್ದರೇ ಕಟ್ಟಡ ನಿಲ್ಲುವುದು," ಎಂದೆ. ಶೇಡಿಯ ಒಂದು ಒಣ ಉಂಡೆಯನ್ನು ಅವಳ ಅಂಗೈಯಲ್ಲಿಟ್ಟು ಒತ್ತಲು ಹೇಳಿದೆ. ಒಡೆಯಲಿಲ್ಲ. ಅವಳದೇ ಕೊಡಪಾನದಲ್ಲಿ ಉಳಿದಿದ್ದ ನೀರು ಹನಿಸಿದೆ. ಉಂಡೆ ಅವಳ ಬೆರಳ ಸಂದಿಯಿಂದ ಜಾರಿಹೋಯಿತು. ಮಾಸ್ತಮ್ಮನ ಮುಖದ ಬಣ್ಣವೇ ಹೋಯಿತು. "ಅಯ್ಯೋ, ಹಂಗಾರೆ ನಾವೇ ನಮ್ಮ ಮಾರ್ಕೆಟ್ಟು ಮುಳುಗ್ಸಿದ್ವಾ?" ಎಂದು ಅಲ್ಲೇ ಕೂತಳು.

ಅವಳಿಗೆ ಸಮಾಧಾನ ಹೇಳಲು ಬಾಯಿ ತೆರೆದೆ. ಆಗ ನನ್ನ ಕಣ್ಣು ಕೊಳವೆಗಳ ಮೇಲೆ ಬಿತ್ತು. ಎಲ್ಲದಕ್ಕೂ ಒಂದೇ ಸಮ ನೀರು ಸುರಿದಿದ್ದರು. ಟೇಪು ಬಿಟ್ಟು ನೋಡಿದೆ. ಮೇಲ್ಗಡೆಯ ಕೊಳವೆಗಳಲ್ಲಿ ನೀರು ಆಗಲೇ ಇಳಿಯುತ್ತಿತ್ತು. ಕೆಳಮೂಲೆಯದರಲ್ಲಿ ಮಾತ್ರ ಸುರಿದಷ್ಟೂ ಹಾಗೇ ನಿಂತಿತ್ತು. ಇಷ್ಟು ದಿನವೂ ನನ್ನ ಅಂಕಿಗಳು ಇದನ್ನೇ ಹೇಳುತ್ತಿದ್ದವು. ಮೇಲೆ ಗೇಣು, ಕೆಳಗೆ ಮೊಳ: ಮೇಲಿನ ನೆಲ ನೀರನ್ನು ಹರಿಯಬಿಡುತ್ತದೆ, ಕೆಳಗಿನದು ಹಿಡಿದಿಡುತ್ತದೆ. ಈ ಹೆಂಗಸರು ಬೇಸಿಗೆಯ ನಡುವೆ ಆ ನೆಲಕ್ಕೊಂದು ಸಣ್ಣ ಮಳೆಗಾಲವನ್ನೇ ತಂದು ಹಾಕಿದ್ದರು. ಮಳೆ ಬಂದರೆ ಈ ನೆಲ ಏನಾಗುತ್ತದೆ ಎಂದು ತಿಳಿಯಲು ಜೂನ್‌ವರೆಗೆ ಕಾಯಬೇಕಿದ್ದ ನನಗೆ ಈಗ ಕಾಯುವ ಅಗತ್ಯವಿರಲಿಲ್ಲ.

"ಏಳು ಮಾಸ್ತಮ್ಮಾ," ಎಂದೆ. "ಇನ್ನೂ ನೀರು ಹಾಕಬೇಕು."

ಅವಳು ನನ್ನನ್ನು ನೋಡಿದ ನೋಟವೇ ಬೇರೆ. ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು.

ಕೊಳವೆಯ ನೀರೆಲ್ಲ ಹೊರತೆಗೆಸಿ ನಿಜವಾದ ಮಟ್ಟವನ್ನು ಮತ್ತೆ ಅಳೆದೆ. ಮೊದಲಿನ ಹಾಗೆಯೇ ಬಹಳ ಆಳ. ಆಮೇಲೆ ಅಡಿಪಾಯ ಕೂರುವ ಆಳಕ್ಕೆ ಎರಡು ಹೊಂಡ ತೆಗೆಸಿದೆ, ಇಳಿಜಾರಿನ ಮೇಲ್ಗಡೆ ಒಂದು, ಕೆಳಮೂಲೆಯಲ್ಲಿ ಒಂದು. ಎರಡಕ್ಕೂ ಹಗಲೆಲ್ಲ ನೀರು ತುಂಬಿಸಬೇಕು, ನೆಲ ಕುಡಿದಷ್ಟೂ ಕುಡಿಸಬೇಕು. ಈ ಸಲ ಮನೆಯ ನೀರಿಗೆ ಕೈ ಹಚ್ಚಬಾರದೆಂದು ಕಟ್ಟಪ್ಪಣೆ ಮಾಡಿ ಟ್ಯಾಂಕರು ತರಿಸಿದೆ. ಟ್ಯಾಂಕರಿನ ಕೊಳಾಯಿಯನ್ನೇ ಹೊಂಡಕ್ಕೆ ಬಿಟ್ಟರೆ ಕೆಲಸ ಸಲೀಸು ಎಂದರು ಇಕ್ಬಾಲ್ ಭಾಯಿ. ಹೆಂಗಸರು ಒಪ್ಪಲಿಲ್ಲ. "ನಮ್ಮ ಮಾರ್ಕೆಟ್ಟಿನ ನೆಲಕ್ಕೆ ನಾವೇ ಹಾಕ್ತ್ವಿ," ಎಂದು ಟ್ಯಾಂಕರಿನಿಂದ ಕೊಡಪಾನಕ್ಕೆ, ಕೊಡಪಾನದಿಂದ ಹೊಂಡಕ್ಕೆ, ಕೈಯಿಂದ ಕೈಗೆ ದಾಟಿಸುತ್ತ, ಮಾತಾಡುತ್ತ, ಒಬ್ಬರ ಮೇಲೊಬ್ಬರು ನೀರೆರಚುತ್ತ ತುಂಬಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಗೋಡೆಯಾಚೆಯಿಂದ ಇಣುಕಿದರು. ಮೇಲಿನ ಹೊಂಡ ಕುಡಿಯುತ್ತಲೇ ಹೋಯಿತು. ಕೆಳಗಿನದು ಕೆರೆಯಾಗಿ ನಿಂತಿತು.

ಗುಂಡು ಇಳಿಸುವ ದಿನ ವ್ಯಾಪಾರ ನಿಲ್ಲಿಸಿ ಎಲ್ಲರೂ ಬಂದಿದ್ದರು. ಮೊದಲು ಕೆಳಮೂಲೆ. ಸಲಾಕೆ ಇಟ್ಟದ್ದೇ ತಡ, ಎಣಿಸಲು ಬಾಯಿ ತೆರೆಯುವ ಮೊದಲೇ ತನ್ನ ಭಾರಕ್ಕೇ ಕೆಸರೊಳಗೆ ಇಳಿಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ಈಗ ಲೆಕ್ಕ ಗೊತ್ತಿತ್ತು.

ನಕ್ಷೆಯಲ್ಲಿ ಕಟ್ಟಡ ಇದ್ದದ್ದು ಆ ಕೆಳಮೂಲೆಯ ಮೇಲೆಯೇ. ಅದನ್ನು ಎತ್ತಿ ಮೇಲ್ಗಡೆ ಕೂರಿಸಲು ಆಗುತ್ತದೋ ಇಲ್ಲವೋ ಎನ್ನುವುದು ಇನ್ನೊಂದು ಹೊಂಡದ ಕೈಯಲ್ಲಿತ್ತು. ಯಂತ್ರವನ್ನು ಅಲ್ಲಿಗೆ ಸಾಗಿಸಿ ನಿಲ್ಲಿಸಿದೆವು. ಮೊದಲ ಪೆಟ್ಟು ಬಿತ್ತು. "ಒಂದು," ಎಂದಳು ಮಾಸ್ತಮ್ಮ, ಅಂಜುತ್ತಲೇ. ಎರಡು ಎಂದಾಗ ಇನ್ನಿಬ್ಬರು ಸೇರಿದರು. ಐದು ಎನ್ನುವಾಗ ಎಲ್ಲರದೂ ಸ್ವರ. ಸಲಾಕೆ ಹಟ ಹಿಡಿದವರ ಹಾಗೆ ನಿಂತಿತ್ತು, ಇಳಿಯಲೊಲ್ಲದು. ಹತ್ತು ದಾಟಿತು. ಇಪ್ಪತ್ತು ದಾಟಿತು. ಅಷ್ಟು ನೀರು ಕುಡಿದ ಮೇಲೂ ಚಿರೆಕಲ್ಲು ಬೆರೆತ ಆ ಶೇಡಿ ಸೋಲಲಿಲ್ಲ. ಎಣಿಕೆ ಕೂಗಾಯಿತು, ಕೂಗಿಗೆ ಗೋಡೆಯಾಚೆಯ ಪ್ರಯಾಣಿಕರೂ ಸೇರಿಕೊಂಡರು, ಒಬ್ಬ ಬಸ್ ಡ್ರೈವರು ಹಾರ್ನು ಹೊಡೆದ. ಮೂವತ್ತಕ್ಕೆ ಇಕ್ಬಾಲ್ ಭಾಯಿ ಕೈಯೆತ್ತಿ, "ಬಸ್ ಮೇಡಂ, ಇದಕ್ಕಿಂತ ಗಟ್ಟಿ ಬೇಕಾದರೆ ನನ್ನ ಹೆಂಡತಿಯ ಮನಸ್ಸೇ ಇರೋದು," ಎಂದರು. ಮಾಸ್ತಮ್ಮ ನನ್ನ ಮುಖ ನೋಡಿದಳು. ವರದಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಆದರೂ ನಾನು ಹಲ್ಲು ಕಾಣುವಷ್ಟು ಅಗಲವಾಗಿ ನಕ್ಕೆ. ಅವಳು ಬಂದು ಮೀನಿನ ಕೈಯಲ್ಲೇ ನನ್ನನ್ನು ಬಾಚಿ ತಬ್ಬಿಕೊಂಡಳು. ಅಂದು ತೊಟ್ಟಿದ್ದ ಚೂಡಿದಾರದ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ, ನಾನೂ ಆಮೇಲೆ ತೊಳೆಯುವುದನ್ನು ಬಿಟ್ಟೆ.

ವರದಿಯಲ್ಲಿ ಮೂರು ಮಾತು ಬರೆದೆ. ಕಟ್ಟಡವನ್ನು ಮೇಲ್ಗಡೆಗೆ, ಅಂದರೆ ಬಸ್ ನಿಲ್ದಾಣದ ಬದಿಗೇ ಸರಿಸಿ. ಸುತ್ತ ಚರಂಡಿ ತೋಡಿ ಮಳೆಯ ನೀರನ್ನು ದೂರ ಕಳಿಸಿ. ಕೆಳಮೂಲೆಯಲ್ಲಿ ಏನನ್ನೂ ಕಟ್ಟಬೇಡಿ, ಅಲ್ಲಿ ಬಾವಿ ತೋಡಿ. ಹಿರಿಯರು ಓದಿ, "ಮಣ್ಣಿನ ವರದಿಯಲ್ಲಿ ಬಾವಿ ಯಾಕೆ?" ಎಂದರು. "ಮೀನು ತೊಳೆಯಲಿಕ್ಕೆ," ಎಂದೆ. ಅವರು ಹಾಗೇ ಕಳಿಸಿದರು. ಮಳೆ ಹಿಡಿಯುವ ಮೊದಲು ಒಪ್ಪಿಗೆ ಬಂತು. ಆ ಮಳೆಗಾಲ ಪೂರ್ತಿ ನಾನು ಹೋಗಿ ಕೊಳವೆಗಳಿಗೆ ಟೇಪು ಬಿಟ್ಟೆ. ನೀರು ಏರಿತು, ಆದರೆ ಮೇಲ್ಗಡೆ ಅಡಿಪಾಯದ ಹತ್ತಿರಕ್ಕೂ ಬರಲಿಲ್ಲ.

ಕಳೆದ ತಿಂಗಳು ಬಸ್ಸಿಳಿದು ಆ ಮಾರುಕಟ್ಟೆ ಹೊಕ್ಕು ನೋಡುತ್ತೇನೆ, ಹೊರಗೆ ಮಳೆ ಆಕಾಶ ಹರಿದ ಹಾಗೆ ಸುರಿಯುತ್ತಿದೆ, ಒಳಗೆ ಸಾಲು ಕಟ್ಟೆಗಳ ಮೇಲೆ ಬಂಗಡೆ, ನೋಗ್ಲಿ, ತಾರ್ಲೆ. ಗೋಡೆಯಲ್ಲಿ ಒಂದು ಕೂದಲೆಳೆಯ ಬಿರುಕಿಲ್ಲ. ನಾನು ಪ್ರತಿ ಮೂಲೆಗೂ ಹೋಗಿ ಕೈಯಾಡಿಸಿ ನೋಡಿದೆ, ಯಾರಾದರೂ ಹುಚ್ಚಿ ಎಂದುಕೊಂಡರೆ ಎಂದುಕೊಳ್ಳಲಿ. ಮೊದಲ ಕಟ್ಟೆಯ ಮೇಲಿಂದ ಮಾಸ್ತಮ್ಮ ಕೂಗಿದಳು, "ಬಂದ್ರು ಬಂದ್ರು, ಮಣ್ಣಿನ ಅಕ್ಕೋರು ಬಂದ್ರು!" ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ. ಕೆಳಮೂಲೆಯ ಬಾವಿಯಿಂದ ಒಂದು ಕೊಡಪಾನ ತರಿಸಿ ನನಗೆ ಕುಡಿಯಲು ಕೊಟ್ಟಳು. ಏಪ್ರಿಲ್ಲಿನಲ್ಲೂ ಬತ್ತುವುದಿಲ್ಲವಂತೆ, ಈಗ ಅವರ ಕೇರಿಯವರು ಬೇಸಿಗೆಯಲ್ಲಿ ಕುಡಿಯುವ ನೀರನ್ನು ಇಲ್ಲಿಂದಲೇ ಒಯ್ಯುತ್ತಾರಂತೆ. ಕೊಳವೆಗೆ ಸುರಿದ ನೀರು ಹೀಗೆ ಮರಳಿ ಬಂದಿದೆ ಎನಿಸಿತು. ಗಟಗಟ ಕುಡಿದೆ.

ಪಕ್ಕದ ಕಟ್ಟೆಯವಳು ನಗುತ್ತ ಹೇಳಿದಳು. ಮೊನ್ನೆ ರಸ್ತೆಯಾಚೆ ಯಾರೋ ಇಂಜಿನಿಯರುಗಳು ಯಂತ್ರ ತಂದು ನೆಲ ಕೊರೆಯಲು ಶುರುಮಾಡಿದರಂತೆ. ಅದೇನು ಕಟ್ಟಡವೋ ಇವರಿಗೆ ಗೊತ್ತಿಲ್ಲ. ಮಾಸ್ತಮ್ಮ ಮೀನಿನ ಕತ್ತಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಪಥದ ಹೆದ್ದಾರಿ ದಾಟಿ ಹೋಗಿ ಅವರೆದುರು ನಿಂತು ಕೇಳಿದಳಂತೆ:

"ನಿಮ್ಗೆ ನೀರು ಬೇಕಾ, ಬ್ಯಾಡ್ದಾ? ಮೊದ್ಲೇ ಹೇಳಿಬಿಡಿ. ನಾವು ತಯಾರು ಇದ್ದೀವಿ."